ಮೋಡದ ಬುಡಕ್ಕೆ ಅಳತೆಗೋಲು

ಆಷಾಢದ ಗಾಳಿ ಎದ್ದ ಮೇಲೆ ಕೊಯಮತ್ತೂರಿನ ಪಡುವಣ ಆಕಾಶಕ್ಕೆ ಒಂದು ಶಿಸ್ತು ಬರುತ್ತದೆ. ಪಾಲಕ್ಕಾಡಿನ ಕಡೆಯಿಂದ ನುಗ್ಗಿಬರುವ ರಾಶಿ ಮೋಡಗಳ ತಲೆ ಹೇಗೆ ಬೇಕಾದರೂ ಇರಲಿ, ಬುಡ ಮಾತ್ರ ದಾರ ಹಿಡಿದು ಗೆರೆ ಎಳೆದಂತೆ ಒಂದೇ ಮಟ್ಟದಲ್ಲಿರುತ್ತದೆ. ಆ ಗೆರೆ ನೆಲದಿಂದ ಎಷ್ಟು ಮೇಲಿದೆ ಎಂಬ ಪ್ರಶ್ನೆಗೆ ಉತ್ತರ ಬರೆಯುವುದು ಹವ್ಯಾಸಿ ಹವಾಮಾನ ವೀಕ್ಷಕನ ದಿನಚರಿಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ. ಮಳೆಯನ್ನು ಮಾಪಕ ಅಳೆಯುತ್ತದೆ, ಉಷ್ಣಾಂಶವನ್ನು ಥರ್ಮಾಮೀಟರು ಹೇಳುತ್ತದೆ, ಗಾಳಿಯ ದಿಕ್ಕು ಮರದ ಎಲೆಯಿಂದಲೂ ತಿಳಿಯುತ್ತದೆ. ಮೋಡದ ಎತ್ತರದ ಕಾಲಮ್ಮಿಗೆ ಬಂದಾಗ ಹೆಚ್ಚಿನವರು ಪುಸ್ತಕದ ಪಟ್ಟಿ ನೋಡಿ ಒಂದು ಸಂಖ್ಯೆ ಬರೆದುಬಿಡುತ್ತಾರೆ. ರಾಶಿ ಮೋಡ ಕಂಡಿತು, ಕೆಳಹಂತದ್ದು, ಹಾಗಾದರೆ ಎರಡು ಕಿಲೋಮೀಟರಿನ ಒಳಗೆ. ಇದರಲ್ಲಿ ಅವರು ಗುರುತಿಸಿದ್ದು ಹೆಸರನ್ನು, ಎತ್ತರ ಪುಸ್ತಕದ್ದು.

ಕಣ್ಣಿಗೆ ಈ ಕೆಲಸ ಏಕೆ ಆಗುವುದಿಲ್ಲ ಎಂಬುದಕ್ಕೆ ಕಾರಣ ಸರಳ. ಕಣ್ಣು ಅಳೆಯುವುದು ಕೋನವನ್ನು. ದೂರದ ತೆಂಗಿನಮರದ ದೂರ ನಮಗೆ ಅಂದಾಜಾಗುವುದು ತೆಂಗಿನಮರ ಎಷ್ಟು ಎತ್ತರ ಬೆಳೆಯುತ್ತದೆಂದು ಗೊತ್ತಿರುವುದರಿಂದ. ಮೋಡಕ್ಕೆ ಹಾಗೆ ಗೊತ್ತಾದ ಗಾತ್ರವಿಲ್ಲ. ಚಿಕ್ಕದೊಂದು ಮೋಡ ತಲೆಯ ಹತ್ತಿರವಿದ್ದರೂ, ದೊಡ್ಡದೊಂದು ಮೋಡ ಬಹಳ ಮೇಲಿದ್ದರೂ ಕಣ್ಣಿನೊಳಗೆ ಒಂದೇ ಚಿತ್ರ ಬೀಳಬಹುದು. ಇದರ ಮೇಲೆ, ಆಕಾಶ ನಮಗೆ ಅರ್ಧಗೋಳವಾಗಿ ಕಾಣದೆ ಚಪ್ಪಟೆಯಾದ ಕಮಾನಾಗಿ ಕಾಣುತ್ತದೆ. ಒಂದೂವರೆ ಕಿಲೋಮೀಟರ್ ಎತ್ತರದ ಮೋಡ ನೆತ್ತಿಯ ಮೇಲಿದ್ದಾಗ ನಮ್ಮಿಂದ ಒಂದೂವರೆ ಕಿಲೋಮೀಟರ್ ದೂರ. ಅದೇ ಮಟ್ಟದ ಇನ್ನೊಂದು ಮೋಡ ದಿಗಂತದಿಂದ ಐದು ಡಿಗ್ರಿ ಮೇಲೆ ಕಂಡರೆ ಅದು 17 ಕಿಲೋಮೀಟರ್ ಆಚೆ ಇದೆ. ನೋಡುವವನಿಗೆ ಮಾತ್ರ ದೂರದ್ದು ಬೆಟ್ಟದ ಮೇಲೆ ಕುಳಿತಂತೆ, ತೀರ ಕೆಳಗಿಳಿದಂತೆ ತೋರುತ್ತದೆ.

ಲಂಡನ್ನಿನ ಲ್ಯೂಕ್ ಹೊವಾರ್ಡ್ 1802ರ ಡಿಸೆಂಬರಿನಲ್ಲಿ ಓದಿದ ಪ್ರಬಂಧದಲ್ಲಿ ಮೋಡಗಳಿಗೆ ಲ್ಯಾಟಿನ್ ಹೆಸರು ಕೊಟ್ಟಾಗ ಆಧಾರವಾಗಿದ್ದದ್ದು ರೂಪ. ಎತ್ತರದ ಹಂತಗಳು ಆಮೇಲೆ ಸೇರಿಕೊಂಡವು. ಇಂದಿನ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಉಷ್ಣವಲಯಕ್ಕೆ ಕೆಳಹಂತ 2 ಕಿಲೋಮೀಟರಿನವರೆಗೆ, ನಡುಹಂತ 2ರಿಂದ 8, ಮೇಲ್ಹಂತ 6ರಿಂದ 18 ಕಿಲೋಮೀಟರ್. ಒಂದು ಹಂತದ ಒಳಗೇ ಆರು ಕಿಲೋಮೀಟರಿನ ಅಂತರ, ಸಾಲದ್ದಕ್ಕೆ ಎರಡು ಹಂತಗಳು ಒಂದರೊಳಗೊಂದು ನುಗ್ಗುತ್ತವೆ. ಬೆರಳಿನ ಲೆಕ್ಕವೂ ಒಂದಿದೆ: ದಿಗಂತದಿಂದ 30 ಡಿಗ್ರಿಗಿಂತ ಮೇಲಿರುವ ಮೋಡದ ತುಣುಕುಗಳಿಗೆ ತೋಳು ಚಾಚಿ ಬೆರಳು ಹಿಡಿಯಬೇಕು. ಕಿರುಬೆರಳಿನ ಹಿಂದೆ ಅಡಗಿದರೆ ಮೇಲ್ಹಂತ, ಒಂದರಿಂದ ಮೂರು ಬೆರಳಿನಗಲವಾದರೆ ನಡುಹಂತ, ಅದಕ್ಕೂ ಮೀರಿದರೆ ಕೆಳಹಂತ. ಹಂತ ಗುರುತಿಸಲು ಇದು ಒಳ್ಳೆಯ ಉಪಾಯ. ಮೀಟರು ಬೇಕೆಂದರೆ ಉದ್ದ ಗೊತ್ತಿರುವ ಇನ್ನೊಂದು ವಸ್ತು ಪಕ್ಕದಲ್ಲಿರಬೇಕು. ಈ ವಿಷಯದಲ್ಲಿ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಷ್ಟು ಅನುಕೂಲದ ನೆಲವನ್ನು ದಕ್ಷಿಣದಲ್ಲಿ ನಾನು ಬೇರೆ ಕಂಡಿಲ್ಲ.

ಕೊಯಮತ್ತೂರು ನಗರ ಸಮುದ್ರಮಟ್ಟದಿಂದ ಸುಮಾರು 410 ಮೀಟರ್ ಎತ್ತರದಲ್ಲಿದೆ. ಉತ್ತರಕ್ಕೆ ನೀಲಗಿರಿ, ಅದರ ನೆತ್ತಿ 2,637 ಮೀಟರಿನ ದೊಡ್ಡಬೆಟ್ಟ. ಪಶ್ಚಿಮಕ್ಕೆ ವೆಳ್ಳಿಯಂಗಿರಿ, 1,700 ಮೀಟರಿಗೂ ತುಸು ಮೇಲೆ. ದಕ್ಷಿಣಕ್ಕೆ ಆನೈಮಲೈ; ಕೇರಳದ ಕಡೆ ಆನೆಮುಡಿಯಲ್ಲಿ ಅದು 2,695 ಮೀಟರ್ ಮುಟ್ಟುತ್ತದೆ. ನಡುವೆ ಪಾಲಕ್ಕಾಡ್ ಕಣಿವೆಯ ಬಾಗಿಲು. ಅಂದರೆ ಮೂರು ದಿಕ್ಕಿಗೂ ಎತ್ತರ ಗೊತ್ತಿರುವ ಗೋಡೆಗಳು. ಮೋಡದ ಬುಡ ಬೆಟ್ಟವನ್ನು ಎಲ್ಲಿ ಕತ್ತರಿಸಿದೆ ಎಂದು ನೋಡಿ ನಕ್ಷೆಯ ಸಮೋನ್ನತ ರೇಖೆಗೆ ಹೊಂದಿಸಿದರೆ ಸಂಖ್ಯೆ ಸಿಗುತ್ತದೆ. ರಾತ್ರಿಯೂ ಇದು ನಡೆಯುತ್ತದೆ: ಮೆಟ್ಟುಪಾಳ್ಯದಿಂದ ನೋಡುವಾಗ ನೀಲಗಿರಿಯ ಇಳಿಜಾರಿನ ದೀಪಗಳಲ್ಲಿ ಯಾವ ಸಾಲಿನ ಮೇಲಿನವು ಮಾಯವಾಗಿವೆ ಎಂದು ಗುರುತಿಸಿದರೆ ಸಾಕು.

ನೋಡುವಾಗ ಒಂದು ಎಚ್ಚರ ಬೇಕು. ಮೋಡ ಬೆಟ್ಟವನ್ನು ನಿಜವಾಗಿಯೂ ತಬ್ಬಿದೆಯೇ, ಹಿಂದೆ ನಿಂತಿದೆಯೇ, ಮುಂದೆ ಹಾಯುತ್ತಿದೆಯೇ ಎಂಬುದು ಖಚಿತವಾಗಬೇಕು. ಇಳಿಜಾರು ಮೇಲೇರುತ್ತ ಬೂದುಬಣ್ಣದೊಳಗೆ ಕರಗಿದ್ದರೆ, ಮೇಲಿನ ಶಿಖರ ಮೋಡದ ಆಚೆ ಮತ್ತೆ ತಲೆ ಎತ್ತಿದ್ದರೆ ಆ ಗೆರೆಯನ್ನು ನಂಬಬಹುದು. ಬೆಟ್ಟದ ಅಂಚು ಮೋಡದ ಎದುರು ಕಪ್ಪಗೆ, ಚೂಪಾಗಿ ಕಂಡರೆ ಮೋಡ ಹಿಂದಿದೆ. ಆ ದಿನ ಬೆಟ್ಟದಿಂದ ಅಳತೆ ಇಲ್ಲ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಬೆಟ್ಟದ ಮೇಲಿನ ಮೋಡ ಬಯಲಿನ ಮೋಡವಾಗಿರಬೇಕಾಗಿಲ್ಲ. ಮುಂಗಾರಿನಲ್ಲಿ ಆನೈಮಲೈ ಮತ್ತು ನೀಲಗಿರಿಯ ನೆತ್ತಿಗೆ ಬರುವ ಗಾಳಿ ಅರಬ್ಬಿ ಸಮುದ್ರದ ತೇವ ಹೊತ್ತು ಕೇರಳದ ಕಡೆಯಿಂದ ಹತ್ತಿದ್ದು. ಅದು ಕೆಳಗೇ ಮೋಡವಾಗಿ, ವಾಲ್ಪಾರೈ ಬಳಿಯ ಚಿನ್ನಕಲ್ಲಾರಿನಂಥ ಕಡೆ ಜಡಿಮಳೆ ಸುರಿಸಿ, ನಮ್ಮ ಕಡೆಗೆ ಇಳಿಯುತ್ತ ಬೆಚ್ಚಗಾಗಿ ಕರಗುತ್ತದೆ. ಮಳೆಯ ನೆರಳು ಎನ್ನುವುದು ಇದನ್ನೇ. ಹೀಗಾಗಿ ಜುಲೈಯಲ್ಲಿ ವೆಳ್ಳಿಯಂಗಿರಿಯ ಮೇಲೆ ಓದಿದ ಬುಡ, ಸೂಲೂರಿನ ಬಯಲಿನ ಮೇಲೆ ತೇಲುವ ರಾಶಿ ಮೋಡದ ಬುಡಕ್ಕಿಂತ ಕೆಲವು ನೂರು ಮೀಟರ್ ಕೆಳಗಿರಬಹುದು. ಹಿಂಗಾರಿನಲ್ಲಿ ಪರಿಸ್ಥಿತಿ ತಿರುಗುತ್ತದೆ. ಅಕ್ಟೋಬರ್, ನವೆಂಬರಿನಲ್ಲಿ ಗಾಳಿ ಪೂರ್ವದಿಂದ ಬರುತ್ತದೆ. ಮೆಟ್ಟುಪಾಳ್ಯದ ಬಯಲಿನ ಗಾಳಿಯೇ ಕೂನೂರು, ಕೋತಗಿರಿಯ ಇಳಿಜಾರನ್ನು ಹತ್ತುತ್ತದೆ. ಆಗ ಬೆಟ್ಟ ಹೇಳುವ ಎತ್ತರ ಬಯಲಿಗೂ ಹೆಚ್ಚು ಒಪ್ಪುತ್ತದೆ. ಒಂದೇ ಗೋಡೆ ಸ್ವಾತಿ ಮಳೆಯ ಹೊತ್ತಿಗೆ ನಂಬಿಗಸ್ತ, ಪುಷ್ಯ ಮಳೆಯ ಹೊತ್ತಿಗೆ ಅಲ್ಲ. ಹವ್ಯಾಸಿಗಳ ಟಿಪ್ಪಣಿಗಳಲ್ಲಿ ಈ ಭೇದ ಅಪರೂಪಕ್ಕೂ ಕಾಣುವುದಿಲ್ಲ ಎಂಬುದು ನನ್ನ ಮುಖ್ಯ ತಕರಾರು.

ದೊಡ್ಡಬೆಟ್ಟದಿಂದ ಆಕಾಶ ನೋಡುವ ಕೆಲಸಕ್ಕೆ ಹಳೆಯ ಚರಿತ್ರೆಯೇ ಇದೆ. ಮದರಾಸು ಖಗೋಳಾಲಯದ ಟಿ.ಜಿ. ಟೇಲರ್ ಕಾಲದಲ್ಲಿ, 1847ರಲ್ಲಿ, ಅಲ್ಲೊಂದು ಹವಾಮಾನ ಬಂಗಲೆ ಕೆಲಸ ಆರಂಭಿಸಿತು. ಅದರ ವರದಿಯಲ್ಲಿ ಕೊಟ್ಟ ಎತ್ತರ 8,640 ಅಡಿ; ಇಂದಿನ ಅಳತೆಗೆ ಹೋಲಿಸಿದರೆ ಕೆಲವೇ ಮೀಟರುಗಳ ವ್ಯತ್ಯಾಸ. ಕೆಳಗಿನ ಬಯಲಿನವರಿಗೆ ಮೋಡವಾದದ್ದು ಅಲ್ಲಿದ್ದವರಿಗೆ ಮಂಜು.

ಬಯಲಿನಿಂದ ನೋಡಿ ತೃಪ್ತಿಯಾಗದವರು ಮೋಡದ ಬುಡವನ್ನು ಹೋಗಿ ಮುಟ್ಟಬಹುದು. ನೀಲಗಿರಿಯ ಹಲ್ಲುಹಳಿ ರೈಲು ಮೆಟ್ಟುಪಾಳ್ಯದ ಸುಮಾರು 330 ಮೀಟರಿನಿಂದ ಉದಕಮಂಡಲದ ಸುಮಾರು 2,200 ಮೀಟರಿಗೆ 46 ಕಿಲೋಮೀಟರಿನಲ್ಲಿ ಏರುತ್ತದೆ. ನಿಲ್ದಾಣದ ಫಲಕದಲ್ಲಿ ಸಮುದ್ರಮಟ್ಟದಿಂದ ಎತ್ತರ ಬರೆದಿರುತ್ತದೆ. ಕಲ್ಲಾರು ದಾಟಿದ ಮೇಲೆ ಹಿಲ್‌ಗ್ರೋವ್, ರನ್ನಿಮೀಡ್, ಕೂನೂರು ಎಂದು ಏರುವಾಗ ಯಾವ ಎರಡು ನಿಲ್ದಾಣಗಳ ನಡುವೆ ಕಿಟಕಿ ಬೆಳ್ಳಗಾಯಿತು ಎಂದು ಬರೆದುಕೊಂಡರೆ ಇದಕ್ಕಿಂತ ನೇರವಾದ ಅಳತೆ ಇಲ್ಲ. ರೈಲು ನಿಧಾನ, ಇದೊಂದು ಕೆಲಸಕ್ಕೆ ಆ ನಿಧಾನವೇ ಗುಣ. ಆಳಿಯಾರಿನಿಂದ ವಾಲ್ಪಾರೈಗೆ ಹೋಗುವ ರಸ್ತೆಯಲ್ಲಿ 40 ಹೇರ್‌ಪಿನ್ ತಿರುವುಗಳಿವೆ, ಪ್ರತಿಯೊಂದಕ್ಕೂ ಸಂಖ್ಯೆಯ ಫಲಕ. ಎಷ್ಟನೇ ತಿರುವಿಗೆ ಮಂಜು ಸಿಕ್ಕಿತು ಎಂದು ಇಳಿದುಬಂದ ಬಸ್ಸಿನ ಚಾಲಕರನ್ನು ಪೊಳ್ಳಾಚಿಯಲ್ಲಿ ಕೇಳಿದರೂ ಆಯಿತು. ಆ ತಿರುವಿನ ಎತ್ತರವನ್ನು ನಕ್ಷೆಯಿಂದ ಒಮ್ಮೆ ಬರೆದಿಟ್ಟುಕೊಂಡಿದ್ದರೆ ಅವರ ಉತ್ತರ ಮೀಟರಾಗುತ್ತದೆ.

ಬಯಲಿನ ಸ್ವಂತ ಮೋಡಕ್ಕೆ ಬರೋಣ. ಬಿಸಿಲಿಗೆ ಕಾದ ನೆಲದಿಂದ ಎದ್ದ ಗಾಳಿ ಮೇಲೇರುತ್ತ ಕಿಲೋಮೀಟರಿಗೆ ಸುಮಾರು 9.8 ಡಿಗ್ರಿಯಂತೆ ತಣಿಯುತ್ತದೆ. ಅದರ ಇಬ್ಬನಿ ಬಿಂದುವೂ, ಅಂದರೆ ಹಬೆ ಹನಿಯಾಗತೊಡಗುವ ಉಷ್ಣಾಂಶವೂ, ಇಳಿಯುತ್ತದೆ, ಆದರೆ ನಿಧಾನ, ಕಿಲೋಮೀಟರಿಗೆ ಎರಡು ಡಿಗ್ರಿಗೂ ಕಡಿಮೆ. ಎರಡೂ ಕೂಡಿದ ಎತ್ತರದಲ್ಲಿ ಹಬೆ ಹನಿಯಾಗುತ್ತದೆ, ಮೋಡದ ಬುಡ ಅಲ್ಲಿ ಮೂಡುತ್ತದೆ. ಅಮೆರಿಕದ ಜೇಮ್ಸ್ ಎಸ್ಪಿ 19ನೆಯ ಶತಮಾನದ ಮೊದಲರ್ಧದಲ್ಲೇ ಹಿಡಿದ ಈ ತರ್ಕ ಇಂದು ಒಂದು ಸಾಲಿನ ಸೂತ್ರ: ನೆಲದ ಉಷ್ಣಾಂಶ ಮತ್ತು ಇಬ್ಬನಿ ಬಿಂದುವಿನ ನಡುವಿನ ಪ್ರತಿ ಡಿಗ್ರಿಗೆ 125 ಮೀಟರ್. ಮುಂಗಾರಿನ ಒಂದು ಮಧ್ಯಾಹ್ನ 31 ಡಿಗ್ರಿ ಇದೆ, ಇಬ್ಬನಿ ಬಿಂದು 21 ಎನ್ನಿ. ಬುಡ ನೆಲದಿಂದ 1,250 ಮೀಟರ್. ಕೊಯಮತ್ತೂರಿನ 410 ಸೇರಿಸಿದರೆ ಸಮುದ್ರಮಟ್ಟದಿಂದ 1,660, ವೆಳ್ಳಿಯಂಗಿರಿಯ ತಲೆ ಮೋಡದೊಳಗೆ. ಏಪ್ರಿಲಿನ ಒಣ ಮಧ್ಯಾಹ್ನ 37 ಮತ್ತು 17 ಆಗಿದ್ದರೆ ಬುಡ ನೆಲದಿಂದ 2,500 ಮೀಟರ್, 410 ಸೇರಿಸಿದರೆ ದೊಡ್ಡಬೆಟ್ಟಕ್ಕಿಂತಲೂ ಮೇಲೆ.

ಈ ಲೆಕ್ಕಕ್ಕೆ ಬೇಕಾದ ಸಲಕರಣೆ ಈ ಊರಿಗೆ ಹೊಸದಲ್ಲ. ಗಾಳಿ ಒಣಗಿದರೆ ನೂಲು ತುಂಡಾಗುತ್ತದೆ ಎಂದು ಇಲ್ಲಿನ ಹತ್ತಿ ಗಿರಣಿಗಳಲ್ಲಿ ಒಣ ಬಲ್ಬು, ತೇವ ಬಲ್ಬುಗಳ ಜೋಡಿ ಥರ್ಮಾಮೀಟರನ್ನು ನೋಡಿಯೇ ತೇವ ಕಾಯುತ್ತಿದ್ದರು. ಕೊಯಮತ್ತೂರು, ಸಿರುಮುಗೈ ಕಡೆಯ ದೇವಾಂಗ ನೇಕಾರರಲ್ಲಿ ಮನೆಯೊಳಗೆ ಕನ್ನಡ ಆಡುವ ಕುಟುಂಬಗಳು ಇಂದಿಗೂ ಇವೆ. ಹಾಸಿನ ಎಳೆ ಹೇಗಿದೆ ಎಂದು ಮುಟ್ಟಿ ನೋಡಿ ದಿನದ ಗಾಳಿಯನ್ನು ತಿಳಿಯುವುದು ಅವರ ಕಸುಬಿನ ಭಾಗ. ಇಬ್ಬನಿ ಬಿಂದು ತಿಳಿಯಲು ಹವ್ಯಾಸಿಗೆ ಬೇಕಾದದ್ದು ಅದೇ ಜೋಡಿ ಥರ್ಮಾಮೀಟರು, ಹೊರಗೆ, ನೆರಳಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯೊಳಗೆ. ಓದುವ ಹೊತ್ತಿಗೂ ಇಲ್ಲಿ ಮಾದರಿಯಿದೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ವೀಕ್ಷಣಾಲಯದಲ್ಲಿ ಬೆಳಿಗ್ಗೆ 7.22ಕ್ಕೆ, ಮಧ್ಯಾಹ್ನ 2.22ಕ್ಕೆ ಓದುವ ಪದ್ಧತಿ. ಕೃಷಿ ಹವಾಮಾನದ ಓದು ಸ್ಥಳೀಯ ಸೂರ್ಯಮಾನದ ಏಳು ಗಂಟೆಗೆ, ಎರಡು ಗಂಟೆಗೆ ನಡೆಯಬೇಕು. 77 ಡಿಗ್ರಿ ರೇಖಾಂಶದಲ್ಲಿರುವ ಕೊಯಮತ್ತೂರಿನ ಸೂರ್ಯಮಾನ ಭಾರತೀಯ ಕಾಲಮಾನಕ್ಕಿಂತ 22 ನಿಮಿಷ ಹಿಂದೆ. ಎಸ್ಪಿಯ ಸೂತ್ರಕ್ಕೆ 2.22ರ ಓದು ಹೇಳಿಮಾಡಿಸಿದ ಹೊತ್ತು, ಏಕೆಂದರೆ ನೆಲದಿಂದ ಮೋಡದವರೆಗಿನ ಗಾಳಿ ಆಗ ಚೆನ್ನಾಗಿ ಕಲಸಿಹೋಗಿರುತ್ತದೆ. ಬೆಳಗಿನ 7.22ಕ್ಕೆ ಇದನ್ನು ಹಚ್ಚಬಾರದು. ನೆಲದಿಂದ ಏಳದೆ ಬೇರೆಲ್ಲೋ ಹುಟ್ಟಿ ತೇಲಿಬಂದ ನಡುಹಂತದ ಮೋಡಕ್ಕಂತೂ ಈ ಸೂತ್ರ ಸಲ್ಲುವುದೇ ಇಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನೆರಳಿನ ದಾರಿ. ಪಲ್ಲಡಂ, ಉಡುಮಲಪೇಟೆ, ಧಾರಾಪುರಂ ನಡುವಿನ ಬಯಲಿನಲ್ಲಿ ಗಾಳಿಯಂತ್ರಗಳು ಸಾಲುಸಾಲಾಗಿ ನಿಂತಿವೆ. ಪಾಲಕ್ಕಾಡ್ ಕಣಿವೆಯಿಂದ ಹೊರಬಿದ್ದ ಗಾಳಿಗೆ ಎದುರಾಗಿ ಕಟ್ಟಿದವು ಅವು. ಅವುಗಳ ನಡುವೆ ಮೋಡದ ನೆರಳು ಓಡುವುದನ್ನು ನೋಡಿ. ಸೂರ್ಯನ ಕಿರಣಗಳು ಸಮಾಂತರವಾದ್ದರಿಂದ ನೆಲದ ಮೇಲಿನ ನೆರಳಿನ ವೇಗ ಮೋಡದ ವೇಗವೇ ಆಗಿರುತ್ತದೆ. ಎರಡು ಯಂತ್ರಗಳ ನಡುವಿನ ದೂರವನ್ನು ಮೊಬೈಲಿನ ನಕ್ಷೆಯಿಂದ ತೆಗೆದುಕೊಂಡು, ನೆರಳಿನ ಅಂಚು ಒಂದರಿಂದ ಇನ್ನೊಂದಕ್ಕೆ ಬರಲು ಹಿಡಿದ ಸೆಕೆಂಡು ಎಣಿಸಿದರೆ ವೇಗ ಸಿಕ್ಕಿತು. ಈಗ ನೆತ್ತಿಯ ಮೇಲಿನ ಮೋಡದ ಒಂದು ಅಂಚು ಹಿಡಿದು, ಅದು ಹತ್ತು ಡಿಗ್ರಿ ಸರಿಯಲು ಎಷ್ಟು ಹೊತ್ತು ಬೇಕು ನೋಡಿ. ತೋಳು ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ. ನೆರಳು ಸೆಕೆಂಡಿಗೆ 10 ಮೀಟರ್ ಓಡುತ್ತಿದ್ದು, ಮೋಡ ಮುಷ್ಟಿ ದಾಟಲು 26 ಸೆಕೆಂಡು ಹಿಡಿದರೆ ಅದು ಸರಿದದ್ದು 260 ಮೀಟರ್, ಅದರ 5.7 ಪಟ್ಟು, ಅಂದರೆ ಸುಮಾರು 1,500 ಮೀಟರ್, ಮೋಡದ ಎತ್ತರ. ಮೋಡದ ಅಂಚು ಕರಗುತ್ತ ಬೆಳೆಯುತ್ತ ಇರುವುದರಿಂದ ಒಂದೇ ಓದು ಸಾಲದು, ನಾಲ್ಕಾರು ತೆಗೆದುಕೊಳ್ಳಬೇಕು. ಮಟ್ಟಸ ನೆಲವಿರಬೇಕು. ಹೊತ್ತಿನ ಎಚ್ಚರವೂ ಬೇಕು: 11 ಡಿಗ್ರಿ ಅಕ್ಷಾಂಶದ ಈ ನೆಲದಲ್ಲಿ ಏಪ್ರಿಲ್ ಮೂರನೆಯ ವಾರ ಮತ್ತು ಆಗಸ್ಟ್ ಕೊನೆಯ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ಆ ನಡುವಿನ ತಿಂಗಳುಗಳಲ್ಲೂ ದೂರ ಸರಿಯುವುದಿಲ್ಲ. ಕಣ್ಣು ಕಳೆದುಕೊಳ್ಳುವ ಕೆಲಸ ಬೇಡ. ಬೆಳಿಗ್ಗೆ ಹತ್ತರೊಳಗೆ, ಇಲ್ಲವೇ ಮೂರೂವರೆಯ ನಂತರ ಇದನ್ನು ಮಾಡಬೇಕು.

ಇದೇ ತರ್ಕ ಊಟಿಯ ದೊಡ್ಡ ಪ್ರಯೋಗವೊಂದರಲ್ಲಿ ಕೆಲಸ ಮಾಡಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕಾಸ್ಮಿಕ್ ಕಿರಣ ಪ್ರಯೋಗಾಲಯದಲ್ಲಿ ಗ್ರೇಪ್ಸ್-3 ಎಂಬ ವ್ಯವಸ್ಥೆ ಇದೆ. ಆಕಾಶದಿಂದ ಬೀಳುವ ಮ್ಯೂಆನ್ ಕಣಗಳನ್ನು ದಿಕ್ಕಿನ ಪ್ರಕಾರ ಎಣಿಸುವುದು ಅದರ ಕೆಲಸ. 2014ರ ಡಿಸೆಂಬರ್ 1ರಂದು ಗುಡುಗು ಮೋಡವೊಂದು ಮೇಲೆ ಹಾದುಹೋದಾಗ ಈ ಎಣಿಕೆ ಕುಸಿಯಿತು, ಕುಸಿದ ಭಾಗ ಆಕಾಶದಲ್ಲಿ ಸರಿಯುತ್ತ ಹೋಯಿತು. ಆ ಮೋಡದಲ್ಲಿ 130 ಕೋಟಿ ವೋಲ್ಟಿನ ವಿದ್ಯುತ್ ವಿಭವ ಇತ್ತೆಂದು 2019ರಲ್ಲಿ ಪ್ರಕಟವಾದಾಗ ಪತ್ರಿಕೆಗಳು ಬರೆದದ್ದು ಆ ವೋಲ್ಟನ್ನು. ನನ್ನ ಕಣ್ಣು ನಿಂತದ್ದು ಎತ್ತರ ಕಂಡುಹಿಡಿದ ಬಗೆಯ ಮೇಲೆ. ಕೆಲವು ಕಿಲೋಮೀಟರ್ ಅಂತರದಲ್ಲಿಟ್ಟ ವಿದ್ಯುತ್ ಕ್ಷೇತ್ರ ಮಾಪಕಗಳಿಂದ ಮೋಡದ ವೇಗ ನಿಮಿಷಕ್ಕೆ ಒಂದು ಕಿಲೋಮೀಟರ್ ಎಂದು ಗೊತ್ತಾಯಿತು. ಮ್ಯೂಆನ್ ಚಿತ್ರದಲ್ಲಿ ಅದು ನಿಮಿಷಕ್ಕೆ 6.2 ಡಿಗ್ರಿ ಸರಿಯುತ್ತಿತ್ತು. ಒಂದು ರೇಡಿಯನ್ನಿನ 57.3 ಡಿಗ್ರಿಯನ್ನು 6.2ರಿಂದ ಭಾಗಿಸಿದರೆ ಪ್ರಯೋಗಾಲಯದಿಂದ ಸುಮಾರು 9.2 ಕಿಲೋಮೀಟರ್ ಮೇಲೆ, ಊಟಿಯ 2.2 ಸೇರಿಸಿದರೆ ಸಮುದ್ರಮಟ್ಟದಿಂದ 11.4 ಕಿಲೋಮೀಟರ್. ಗಾಳಿಯಂತ್ರಗಳ ನಡುವಿನ ನೆರಳು, ಮುಷ್ಟಿ ದಾಟುವ ಅಂಚು ಇವುಗಳಿಂದ ಮಾಡಿದ ಲೆಕ್ಕಕ್ಕೂ ಇದಕ್ಕೂ ಗಣಿತದಲ್ಲಿ ಭೇದವಿಲ್ಲ.

ಎರಡು ಕಡೆಯಿಂದ ಒಂದೇ ಮೋಡವನ್ನು ನೋಡಿ ತ್ರಿಕೋನ ಕಟ್ಟುವುದು ಇನ್ನೊಂದು ವಿಧಾನ. ಈ ನೆಲಕ್ಕೆ ತ್ರಿಕೋನ ಹಳೆಯ ಪರಿಚಯ. 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿದ್ದ ಕೊಯಮತ್ತೂರು ಸೀಮೆಯಲ್ಲಿ, ಪಚ್ಚಾಪಾಳ್ಯದ ಬಳಿ, ವಿಲಿಯಂ ಲ್ಯಾಂಬ್ಟನ್ 1806ರಲ್ಲಿ ತನ್ನ ಮಹಾ ತ್ರಿಕೋನಮಿತಿ ಸರ್ವೆಗೆ ಒಂದು ಆಧಾರರೇಖೆ ಅಳೆದ. ಎರಡು ವರ್ಷ ಮೊದಲು ಬೆಂಗಳೂರಿನಲ್ಲಿ ಅಂಥದ್ದೇ ಒಂದನ್ನು ಮುಗಿಸಿದ್ದ. ಆ ಸರ್ವೆ ಮದರಾಸಿನಲ್ಲಿ ಶುರುವಾದದ್ದು ಹೊವಾರ್ಡ್ ಮೋಡಗಳಿಗೆ ಹೆಸರಿಟ್ಟ 1802ರಲ್ಲೇ. ಲ್ಯಾಂಬ್ಟನ್ ಬೆಟ್ಟಗಳಿಗೆ ಮಾಡಿದ್ದನ್ನು ಮೋಡಗಳಿಗೆ ಮಾಡಿದವರಲ್ಲಿ ಸ್ವೀಡನ್ನಿನ ಉಪ್ಸಲದ ಎಕ್‌ಹೋಲ್ಮ್ ಮತ್ತು ಹ್ಯಾಗ್‌ಸ್ಟ್ರೋಮ್ ಪ್ರಮುಖರು. 1880ರ ದಶಕದಲ್ಲಿ ರೇಖೆಯ ಎರಡು ತುದಿಗಳಲ್ಲಿ ಥಿಯೊಡೊಲೈಟ್ ಇಟ್ಟು, ಟೆಲಿಫೋನಿನಲ್ಲಿ ಮಾತಾಡುತ್ತ ಒಂದೇ ಮೋಡದ ಒಂದೇ ಬಿಂದುವನ್ನು ಹಿಡಿದರು. ಇಂದು ಇಬ್ಬರು ಗೆಳೆಯರು, ಎರಡು ಮೊಬೈಲು, ಒಂದು ಕರೆ ಸಾಕು. ಕಷ್ಟವಿರುವುದು ಮೇಲ್ಹಂತದಲ್ಲಿ. ಒಂದು ಕಿಲೋಮೀಟರ್ ರೇಖೆಯಿಂದ ಹತ್ತು ಕಿಲೋಮೀಟರ್ ಎತ್ತರದ ಹಿಮಕಣ ಮೋಡವನ್ನು ನೋಡಿದರೆ ಇಬ್ಬರ ಕೋನಗಳ ವ್ಯತ್ಯಾಸ ಆರು ಡಿಗ್ರಿಯೊಳಗೆ. ಅದರಲ್ಲಿ ಒಂದು ಡಿಗ್ರಿ ತಪ್ಪಿದರೆ ಎತ್ತರ ಒಂದೂವರೆ, ಎರಡು ಕಿಲೋಮೀಟರ್ ಆಚೀಚೆ ಆಗುತ್ತದೆ. ಆ ಮೋಡಕ್ಕೆ ಹತ್ತು ಕಿಲೋಮೀಟರಿನ ರೇಖೆ ಬೇಕು, ಅಷ್ಟು ದೂರದಿಂದ ಇಬ್ಬರೂ ಒಂದೇ ಎಳೆಯನ್ನು ಗುರುತಿಸಲು ತಾಳ್ಮೆ ಬೇಕು.

ತಿರುಪ್ಪೂರಿನವರಿಗೆ ಹತ್ತಿರದ ಗೋಡೆಗಳಿಲ್ಲ. ಶಿವನ್‌ಮಲೈ, ಊದಿಯೂರಿನಂಥ ಗುಡ್ಡಗಳು ಮೋಡಕ್ಕೆ ಮುಟ್ಟುವುದು ಅಪರೂಪ. ಅವರು ನೆರಳನ್ನೂ ಜೋಡಿ ಥರ್ಮಾಮೀಟರನ್ನೂ ನೆಚ್ಚಬೇಕು. ಕೊಯಮತ್ತೂರು ವಿಮಾನ ನಿಲ್ದಾಣದ ಹವಾಮಾನ ವರದಿಯನ್ನು ಯಾರು ಬೇಕಾದರೂ ಓದಬಹುದು. ವಿಒಸಿಬಿ ಎಂಬ ಗುರುತಿನಡಿ ಮೋಡದ ಬುಡ ನೂರು ಅಡಿಗಳ ಲೆಕ್ಕದಲ್ಲಿ ಇರುತ್ತದೆ. ಆ ಎತ್ತರ ಸಮುದ್ರಮಟ್ಟದಿಂದ ಅಲ್ಲ, ನಿಲ್ದಾಣದ ನೆಲದಿಂದ. ತಿರುಪ್ಪೂರು ಸುಮಾರು 300 ಮೀಟರಿನಲ್ಲಿದೆ, ಆದ್ದರಿಂದ ಒಂದೇ ಮಟ್ಟದ ಮೋಡ ಅವರ ನೆಲದಿಂದ ನೂರು ಮೀಟರ್ ಹೆಚ್ಚು ಮೇಲಿರುತ್ತದೆ. ಯಾವ ಸೊನ್ನೆಯಿಂದ ಅಳೆದದ್ದು ಎಂದು ಬರೆಯದ ಎತ್ತರಕ್ಕೆ ಅರ್ಥವಿಲ್ಲ.

ವೃತ್ತಿಪರರೂ ಕೂಡ ಅಂತರರಾಷ್ಟ್ರೀಯ ಸಂಕೇತದಲ್ಲಿ ಕೆಳಮೋಡದ ಬುಡಕ್ಕೆ ಹತ್ತು ಮೆಟ್ಟಿಲುಗಳನ್ನಷ್ಟೇ ಬಳಸುತ್ತಾರೆ. ಕೆಳಗೆ 50 ಮೀಟರಿನ ಮೆಟ್ಟಿಲು. ಮೇಲೆ 1,000ದಿಂದ 1,500, 1,500ರಿಂದ 2,000, 2,000ದಿಂದ 2,500. ಅದರಾಚೆಯದೆಲ್ಲ ಒಂದೇ ಅಂಕೆ. ಹವ್ಯಾಸಿ ‘1,430 ಮೀಟರ್’ ಎಂದು ಬರೆಯುವುದನ್ನು ನೋಡಿದಾಗ ನನಗೆ ಬೇಸರವಾಗುವುದು ಇದಕ್ಕೇ. ‘1,000–1,500, ನೆಲದಿಂದ, ನೆರಳಿನ ವೇಗದಿಂದ, ಮಧ್ಯಾಹ್ನ 3.40’ ಎಂಬ ಸಾಲು ಅದಕ್ಕಿಂತ ಹೆಚ್ಚು ತಿಳಿಸುತ್ತದೆ.

ಎರಡು ವಿಧಾನಗಳು ಒಪ್ಪದ ದಿನ ಸರಾಸರಿ ತೆಗೆಯಬೇಡಿ, ಎರಡನ್ನೂ ಬರೆಯಿರಿ. ಫೆಬ್ರವರಿಯಿಂದ ಏಪ್ರಿಲಿನವರೆಗೆ ಇಳಿಹೊತ್ತಿನಲ್ಲಿ ಪಾಲಕ್ಕಾಡ್ ಕಣಿವೆಯ ಮೂಲಕ ಸಮುದ್ರದ ಗಾಳಿ ಕೊಯಮತ್ತೂರಿಗೆ ನುಗ್ಗುವುದುಂಟು. ಆಗ ನೆಲದ ಇಬ್ಬನಿ ಬಿಂದು ತಟ್ಟನೆ ಏರುತ್ತದೆ. ಸೂತ್ರ ಬುಡವನ್ನು ಕೆಳಗಿಳಿಸುತ್ತದೆ. ಮೇಲಿನ ಮೋಡಗಳು ಇನ್ನೂ ಮಧ್ಯಾಹ್ನದ ಒಣ ಗಾಳಿಯಲ್ಲಿ ಹುಟ್ಟಿದವು, ನೆರಳು ಅವುಗಳ ಹಳೆಯ ಎತ್ತರವನ್ನೇ ಹೇಳುತ್ತಿರುತ್ತದೆ. ಒಂದು 1,300 ಎಂದು, ಇನ್ನೊಂದು 2,200 ಎಂದು ಹೇಳಿದ ಗಳಿಗೆಯ ಪಕ್ಕದಲ್ಲಿ ಗಡಿಯಾರ ನೋಡಿ ಸಮಯ, ಗಾಳಿಯ ದಿಕ್ಕು ಎರಡನ್ನೂ ಬರೆದಿಡಿ. ಪೂರ್ವಕ್ಕಿರುವ ಗೆಳೆಯನಿಗೂ ಫೋನ್ ಮಾಡಿ. ಪೀಳಮೇಡಿನಲ್ಲಿ ಎಷ್ಟು ಹೊತ್ತಿಗೆ, ಸೂಲೂರಿನಲ್ಲಿ ಎಷ್ಟು ಹೊತ್ತಿಗೆ, ಪಲ್ಲಡಂನಲ್ಲಿ ಎಷ್ಟು ಹೊತ್ತಿಗೆ ಇಬ್ಬನಿ ಬಿಂದು ಏರಿತು ಎಂದು ಒಂದು ಸಾಲಿನಲ್ಲಿ ಜೋಡಿಸಿದರೆ, ಕಣಿವೆಯ ಗಾಳಿ ಆ ಸಂಜೆ ಎಷ್ಟು ವೇಗದಲ್ಲಿ ಬಯಲನ್ನು ದಾಟಿತು ಎಂಬುದು ನಿಮ್ಮ ಪುಸ್ತಕದಲ್ಲೇ ಸಿಗುತ್ತದೆ.